ಹದಿನಾರು ಅಡುಗಿನ ಯಂತ್ರ

ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಗಾಡಿ ತೂಗುವ ಎಲೆಕ್ಟ್ರಾನಿಕ್ ಕಾಟಾದ ಮುಂದೆ ಒಂಬತ್ತು ವರ್ಷ ಕುಳಿತ ಮನುಷ್ಯನಿಗೆ ತಾನು ಎಲೆಕ್ಟ್ರಾನಿಕ್ಸ್ ಬಲ್ಲೆನೆಂಬ ನಂಬಿಕೆ ಹುಟ್ಟಿದರೆ ಅದನ್ನು ಅಹಂಕಾರವೆನ್ನಲಾಗದು. ಸಿದ್ದಲಿಂಗೇಶನ ಕೆಲಸವೆಂದರೆ ಹಸಿರು ಗುಂಡಿ ಒತ್ತುವುದು, ಕೆಂಪು ಅಂಕಿ ಓದುವುದು, ಚೀಟಿ ಹರಿದು ಕೊಡುವುದು. ಆದರೂ ಓಣಿಯಲ್ಲಿ ಯಾರ ಮನೆಯ ಟಿ.ವಿ. ಕೆಟ್ಟರೂ ಕರೆ ಬರುತ್ತಿದ್ದುದು ಅವನಿಗೇ. ಅವನು ಹೋಗಿ ಪ್ಲಗ್ಗು ಕಿತ್ತು, ಹತ್ತರವರೆಗೆ ಎಣಿಸಿ, ಮತ್ತೆ ಹಾಕುತ್ತಿದ್ದ. ಹತ್ತರಲ್ಲಿ ಆರು ಸಲ ಅದು ಸರಿಹೋಗುತ್ತಿತ್ತು. ಉಳಿದ ನಾಲ್ಕು ಸಲ ಅವನು "ಬೋರ್ಡ್ ಹೋಗೈತಿ" ಎಂದು ಗಂಭೀರವಾಗಿ ನುಡಿದು ಚಹಾ ಕುಡಿದು ಬರುತ್ತಿದ್ದ.

ಈ ಖ್ಯಾತಿಯೇ ಅವನನ್ನು ಸಿಕ್ಕಿಸಿಹಾಕಿತು.

ಶ್ರಾವಣದ ಪ್ರತಿ ಸೋಮವಾರ ಓಣಿಯ ಭಜನಾ ಮಂಡಳಿ ಒಬ್ಬೊಬ್ಬರ ಮನೆಯಲ್ಲಿ ಸೇರುವುದು ರೂಢಿ. ಬೆಳಗಿನಿಂದ ಎಲ್ಲರೂ ಉಪವಾಸ. ಭಜನೆ ನಡೆಯುತ್ತಿರುವಾಗಲೇ ಒಳಗೆ ಅಡುಗೆ ಮುಗಿಯಬೇಕು. ನೈವೇದ್ಯ ಸಿದ್ಧವಾದ ಮೇಲೆ ಮಂಗಳಾರತಿ, ಮಂಗಳಾರತಿಯ ನಂತರ ಊಟ. ಈ ಕ್ರಮ ಹಿಂದುಮುಂದಾದ ಮನೆಯ ಹೆಸರನ್ನು ಓಣಿ ಇಪ್ಪತ್ತು ವರ್ಷವಾದರೂ ಮರೆಯುವುದಿಲ್ಲ. ಈ ವರ್ಷದ ಮೂರನೆಯ ಸೋಮವಾರ, ಜೀವನದಲ್ಲಿ ಮೊದಲ ಬಾರಿಗೆ, ಸಿದ್ದಲಿಂಗೇಶನ ಮನೆಯ ಪಾಳಿಗೆ ಬಂದಿತ್ತು. ಎಂಬತ್ತು ಎಲೆ.

ಆ ವರ್ಷವೇ ಮಂಡಳಿಯ ತಬಲಾದ ಗಾದಿಲಿಂಗಪ್ಪನನ್ನು ರೈಲ್ವೆಯವರು ವಾಡಿಗೆ ವರ್ಗ ಮಾಡಿದರು. ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕುಳಿತಿದ್ದಾಗ ಸಿದ್ದಲಿಂಗೇಶ, "ಈಗ ಎಲ್ಲಾದಕ್ಕೂ ಯಂತ್ರ ಬಂದಾವು. ತಬಲಾದ್ದು ನಂಗ ಬಿಡ್ರಿ" ಎಂದುಬಿಟ್ಟ.

ಮೊದಲ ಪ್ರಯೋಗ ಮೊಬೈಲಿನ ಒಂದು ತಾಳದ ಆ್ಯಪ್‌ನಿಂದ ನಡೆಯಿತು. ಮಂಡಳಿಯ ಮುಖ್ಯ ಗಾಯಕರು ಮರಿಬಸಪ್ಪ ಕಾಕಾ. ವಯಸ್ಸು ಎಪ್ಪತ್ತಾರು, ಕಣ್ಣು ಮುಚ್ಚಿಯೇ ಹಾಡುವವರು. ತಾಳದ ಹದಿನಾರು ಪೆಟ್ಟುಗಳಲ್ಲಿ ಹನ್ನೊಂದನೆಯದರ ಮೇಲೆ ಅವರು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ನಲವತ್ತು ವರ್ಷಗಳಿಂದ ಅಲ್ಲಿ ನಿಂತಿದ್ದಾರೆ; ಗಾದಿಲಿಂಗಪ್ಪನೂ ಅಲ್ಲಿ ಅವರಿಗಾಗಿ ಕಾದಿದ್ದಾನೆ. ಮೊಬೈಲು ಕಾಯಲಿಲ್ಲ. ಮೂರನೆಯ ನುಡಿಯ ಹೊತ್ತಿಗೆ ಅದು ಒಂದು ಸಾಲು ಮುಂದೆ ಹೋಗಿತ್ತು. ಮಂಡಳಿ ಒಡೆದು, ಅರ್ಧ ಜನ ಮೊಬೈಲಿನ ಪಕ್ಷ, ಅರ್ಧ ಜನ ಕಾಕಾನ ಪಕ್ಷವಾಗಿ ಹಾಡುತ್ತಿದ್ದರು.

ಕಾಕಾ ಕಣ್ಣು ತೆರೆದರು.

"ಏನೋ ಸಿದ್ದಲಿಂಗೇಶ, ಅದಕ್ಕ ಬಸ್ಸು ತಪ್ಪತೈತೇನು?"

"ಯಂತ್ರ ಐತಲ್ರಿ ಕಾಕಾ, ಅದು ಒಂದೇ ಸಮ ಹೋಗ್ತೈತಿ."

"ಹಂಗಾದ್ರ ಅದರ ಕೈಲೇ ಹಾಡಿಸ್ಕೋ. ಯಂತ್ರದ ಹಿಂದ ಓಡೋ ವಯಸ್ಸೇನು ನಂದು? ಅದು ಇದ್ದ ಕಡಿ ನಾ ಹಾಡಾಂಗಿಲ್ಲ." ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟರು.

ಕಾಕಾ ಇಲ್ಲದ ಭಜನೆಯೆಂದರೆ ಬರಿ ಚಪ್ಪಾಳೆ. ಅದೂ ತನ್ನ ಮನೆಯ ಪಾಳಿಯಲ್ಲಿಯೇ! ಸಿದ್ದಲಿಂಗೇಶನಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಕಾಕಾನಿಗಾಗಿ ಕಾಯುವ ಯಂತ್ರ ಈ ಜಗತ್ತಿನಲ್ಲಿ ಇರಲೇಬೇಕು ಎಂದು ಅವನು ನಿಶ್ಚಯಿಸಿದ.

ಇತ್ತು. ಅದರ ಹೆಸರು ಸೀಕ್ವೆನ್ಸರ್. ಅಂಗೈಗಿಂತ ಸ್ವಲ್ಪ ದೊಡ್ಡ ಲೋಹದ ಡಬ್ಬಿ. ಮೇಲೆ ಸಾಲಾಗಿ ಹದಿನಾರು ಗುಂಡಿ, ಗುಂಡಿಗೊಂದು ದೀಪ. ಒಂದೊಂದು ಗುಂಡಿಗೂ ತಾಳದ ಒಂದೊಂದು ಪೆಟ್ಟು. ದೀಪ ಎಡದಿಂದ ಬಲಕ್ಕೆ ಹೆಜ್ಜೆ ಹಾಕುತ್ತ ಹೋಗಿ, ಹದಿನಾರನೆಯದನ್ನು ಮುಟ್ಟಿ, ಮತ್ತೆ ಮೊದಲಿನಿಂದ ಹೊರಡುತ್ತದೆ. ಸಾಮಾನ್ಯ ಡಬ್ಬಿಗಳಲ್ಲಿ ಎಲ್ಲ ಹೆಜ್ಜೆಗಳೂ ಸಮ. ಅವನಿಗೆ ಬೇಕಾದದ್ದು ಪ್ರತಿ ಹೆಜ್ಜೆಯ ಅವಧಿಯನ್ನೂ ಬೇರೆ ಬೇರೆಯಾಗಿ ಹಿಗ್ಗಿಸಬಲ್ಲ ಡಬ್ಬಿ. ಅವನು ಹನ್ನೊಂದು ದಿನ ಇದರ ಅಧ್ಯಯನ ಮಾಡಿದ. ಕಾಟಾದ ಚೀಟಿಗಳ ಹಿಂಬದಿಯಲ್ಲಿ ಕೋಷ್ಟಕ ಹಾಕಿದ. ಕಾಕಾನ ಮನೆಯ ಕಿಟಕಿಯ ಕೆಳಗೆ ಸ್ಟಾಪ್‌ವಾಚ್ ಹಿಡಿದು ನಿಂತು, ಅವರು ಸ್ನಾನದ ನಂತರ ಹಾಡುವಾಗ ಹನ್ನೊಂದನೆಯ ಪೆಟ್ಟಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆಂದು ಇಪ್ಪತ್ತನಾಲ್ಕು ಸಲ ಅಳೆದು ಸರಾಸರಿ ತೆಗೆದ. ಕೊನೆಗೆ ಮೂರು ಡಬ್ಬಿಗಳು ಉಳಿದವು. ಆಯ್ಕೆಗಾಗಿ ಕರ್ನೂಲಿನ ವಾದ್ಯದಂಗಡಿಯ ಲಕ್ಷ್ಮಿಕಾಂತರಿಗೆ ಫೋನು ಮಾಡಿ, ಬರೆದುಕೊಳ್ಳಲು ಎರಡೂ ಕೈ ಖಾಲಿಯಿರಲೆಂದು ಸ್ಪೀಕರ್ ಹಾಕಿದ.

ಲಕ್ಷ್ಮಿಕಾಂತರು ತೆಲುಗು ಎಂ.ಎ. ಮಾಡಿದವರು. 'ಸ್ಟೆಪ್' ಎಂಬ ಇಂಗ್ಲಿಷ್ ಮಾತನ್ನು ನಾಲಿಗೆಯ ಮೇಲೆ ಬರಗೊಡುವವರಲ್ಲ. ತೆಲುಗಿನಲ್ಲಿ ಹೆಜ್ಜೆಗೆ ಅಡುಗು ಎನ್ನುತ್ತಾರೆ. ಅವರೂ ಅಡುಗು ಎಂದೇ ಅಂದರು.

"ಮೊದಟಿ ರೆಂಡೂ ವದ್ದು ಸಾರ್. ಮೂಡೋದಿ ತೀಸುಕೋಂಡಿ. ಪದಹಾರು ಅಡುಗುಲು! ಪ್ರತಿ ಅಡುಗುಕೂ ಟೈಮು ವೇರೇಗಾ ಪೆಟ್ಟುಕೋವಚ್ಚು!"

ಮೊದಲೆರಡನ್ನು ಬಿಟ್ಟು ಮೂರನೆಯದನ್ನೇ ಕೊಳ್ಳಬೇಕೆಂಬ ಈ ಸಲಹೆ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅತ್ತೆ ಗುರುಬಸಮ್ಮನ ಕಿವಿಗೆ ಬಿತ್ತು.

ಗುರುಬಸಮ್ಮ ಲಿಂಗಸುಗೂರು ಕಡೆಯವರು. ಮಗಳು ಭುವನಾ ಗೋನೆಗಂಡ್ಲದ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಸಂಜೆ ಆರಕ್ಕೆ ಬರುವವಳು. ಆದ್ದರಿಂದ ಎಂಬತ್ತು ಎಲೆಯ ಜವಾಬ್ದಾರಿ ಹೊರಲು ತಾಯಿ ಎರಡು ವಾರ ಮೊದಲೇ ಬಂದಿಳಿದಿದ್ದರು. ತೆಲುಗಿನ ಬಗ್ಗೆ ಅವರಿಗೆ ಒಂದು ಸ್ಪಷ್ಟ ಸಿದ್ಧಾಂತವಿತ್ತು: ಅದು ಬೇರೆ ಭಾಷೆಯೇನಲ್ಲ, ಕನ್ನಡದ ಕೊನೆಗೆ 'ಲು' ಹಚ್ಚುವುದಷ್ಟೆ. ಈ ಸಿದ್ಧಾಂತದ ಪ್ರಕಾರ 'ಪದಹಾರು ಅಡುಗುಲು' ಎಂಬುದರಿಂದ 'ಲು' ಕಳೆದರೆ ಉಳಿಯುವುದು ಹದಿನಾರು ಅಡಿಗಿ. ಒಂದೊಂದು ಅಡಿಗಿಗೂ ಟೈಮು ಬೇರೆ ಇಡಬಹುದು! ಮೊರ ಅವರ ಕೈಯಲ್ಲೇ ನಿಂತಿತು. ಇಂಥ ಅಳಿಯನನ್ನು ಆರು ವರ್ಷ ತಾವು ದಡ್ಡನೆಂದು ತಿಳಿದಿದ್ದೆವಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡರು.

"ಅಳಿಯಂದ್ರ, ಆ ಯಂತ್ರ ಸೋಮವಾರಕ್ಕ ಬರೋದು ಖಾತ್ರಿನ್ರಿ?"

"ಖಾತ್ರಿ ಅತ್ತಿ. ಬಸ್ಸಿನ್ಯಾಗ ಪಾರ್ಸಲ್ ಹಾಕ್ತಾರ."

"ಹದಿನಾರೂ ಅದ ಮಾಡ್ತೈತ್ರಿ?"

"ಹದಿನಾರೂ! ನಾವು ಮೊದಲ ಹೊಂದಿಸಿ ಇಟ್ರ ಸಾಕು. ಒಂದಾದ ಮ್ಯಾಲ ಒಂದು ತಾನ ಬರ್ತಾವು. ಬ್ಯಾಡಾದ್ದನ್ನ ಬಿಡಬಹುದು."

"ಹದಿನಾರು ಮುಗದ ಮ್ಯಾಲ?"

"ಮತ್ತ ಒಂದನೇದ್ರಿಂದ ಶುರು. ನಾವು ಸಾಕು ಅನ್ನೋತನಾ ನಿಲ್ಲಂಗಿಲ್ಲ."

ಎರಡನೇ ಪಂಕ್ತಿಗೂ ಚಿಂತೆಯಿಲ್ಲ ಎಂದು ಗುರುಬಸಮ್ಮ ಲೆಕ್ಕ ಹಾಕಿದರು. "ಗ್ಯಾಸ್ ಎಷ್ಟು ತಿಂತೈತಿ?"

"ಗ್ಯಾಸ್ ಯಾಕ್ರಿ ಅತ್ತಿ? ಕರೆಂಟು. ಅದೂ ಮೊಬೈಲಿನಷ್ಟ."

"ಮತ್ತ ಬಿಸಿ?"

"ಒಟ್ಟ ಬಿಸಿ ಆಗಂಗಿಲ್ಲ! ಅದಾ ನೋಡ್ರಿ ಅದರ ಹೆಚ್ಚುಗಾರಿಕಿ."

ಬಿಸಿಯಾಗದೆ ಬೇಯಿಸುವ ಯಂತ್ರ! ಗುರುಬಸಮ್ಮನಿಗೆ ಅಳಿಯನ ಮೇಲಿನ ಗೌರವ ಭಯವಾಗಿ ತಿರುಗಿತು. ಸಿದ್ದಲಿಂಗೇಶನಿಗಾದರೋ, ಭಜನೆಯ ತಾಳದ ಬಗ್ಗೆ ಮನೆಯಲ್ಲಿ ಇಷ್ಟು ಆಸಕ್ತಿ ತೋರಿಸಿದವರು ಅತ್ತೆಯೊಬ್ಬರೇ ಎಂದು ಎದೆ ತುಂಬಿ ಬಂತು. ಅತ್ತೆ-ಅಳಿಯಂದಿರ ನಡುವೆ ಇಷ್ಟು ಪೂರ್ಣವಾದ ಹೊಂದಾಣಿಕೆ ಆ ಮನೆಯಲ್ಲಿ ಹಿಂದೆಂದೂ ಇರಲಿಲ್ಲ.

ಗುರುಬಸಮ್ಮ ಆ ಮಧ್ಯಾಹ್ನವೇ ಎರಡು ಕೆಲಸ ಮಾಡಿದರು. ಒಂದು, ಪಕ್ಕದ ಮನೆಯ ಲಿಂಗಕ್ಕನಿಗೆ ವಿಷಯ ಹೇಳಿದರು. ಲಿಂಗಕ್ಕನ ಮನೆಯವರು ಕುರಿ ಸಾಕುವವರು. ಕುರಿಗಳು ಎಲ್ಲೆಲ್ಲಿ ಮೇಯುತ್ತವೆಯೋ ಅಲ್ಲೆಲ್ಲ ಆಕೆಯ ಸುದ್ದಿ ಹಬ್ಬುತ್ತದೆ.

"ಅದೇಂಟಕ್ಕಾ, ನಿಜಂಗಾನಾ! ಖರೇನ? ಅದರ ಹೆಸರೇನು?"

"ಸೀಕ್ವೆಂಚರು."

"ಅದೆಂಥಾ ಹೆಸರು?"

"ಮಿಕ್ಸರು, ಕುಕ್ಕರು, ಸೀಕ್ವೆಂಚರು. ಎಲ್ಲಾ ಒಂದ ಮನಿತನದ್ದು ತಗಿ."

ಇನ್ನೊಂದು, ಮಲ್ಲಯ್ಯನವರಿಗೆ ಫೋನು ಮಾಡಿದರು. ಓಣಿಯ ಶ್ರಾವಣದ ಅಡುಗೆಯೆಲ್ಲ ಮೂವತ್ತು ವರ್ಷಗಳಿಂದ ಮಲ್ಲಯ್ಯನವರ ಕೈಯದೇ.

"ಅಯ್ನೋರ, ಈ ಸಲ ನೀವು ಆರಾಮ ಇರ್ರಿ. ನಮ್ಮನಿಗೆ ಯಂತ್ರ ಬರಾಕ ಹತ್ತೈತಿ."

"ಯಂತ್ರ ಏನು ಮಾಡ್ತೈತವ್ವಾ?"

"ಹದಿನಾರು ಅಡಿಗಿ."

ಆ ಕಡೆ ಸೌಟು ಪಾತ್ರೆಗೆ ಬಡಿದ ಸದ್ದಾಯಿತು. ಆಮೇಲೆ, "ನಾನೂ ಬರ್ತೀನಿ. ಉಣ್ಣಾಕ. ಮುಂದಿನ ಸಾಲಿನ್ಯಾಗ ಕುಂದ್ರತೀನಿ" ಎಂಬ ಮಾತು ಶಾಪದ ಧಾಟಿಯಲ್ಲಿ ಕೇಳಿಬಂತು.

ಸುದ್ದಿ ಶನಿವಾರದ ಹೊತ್ತಿಗೆ ಸಿ. ಬೆಳಗಲ್ ಮುಟ್ಟಿತು. ಅಲ್ಲಿಯ ವಿದ್ಯಾರ್ಥಿನಿಲಯದ ವಾರ್ಡನ್ ಸುಂಕೇಶ ಸಾಹೇಬರು ಕಂಕುಳಲ್ಲಿ ರಿಜಿಸ್ಟರ್ ಇಟ್ಟುಕೊಂಡು ಕಾಟಾದ ಹತ್ತಿರವೇ ಬಂದಿಳಿದರು.

"ನೀವು ಒಂದು ಯಂತ್ರ ತರಿಸಾಕ ಹತ್ತೀರಂತ. ನಮ್ಮ ಹಾಸ್ಟೆಲಿನ್ಯಾಗ ನೂರಾಎಂಬತ್ತು ಮಂದಿ ಪಿಲ್ಲಲು. ಅಷ್ಟು ಮಂದಿಗೆ ಆಗ್ತೈತೇನ್ರಿ?"

ಹಾಸ್ಟೆಲಿನ ಮಕ್ಕಳಿಗೆ ಸಂಗೀತ ಕಲಿಸಹೊರಟ ಅಧಿಕಾರಿಯನ್ನು ಸಿದ್ದಲಿಂಗೇಶ ಭಕ್ತಿಯಿಂದ ನೋಡಿದ. "ದೊಡ್ಡ ಸ್ಪೀಕರ್ ಹಚ್ಚಿದ್ರ ಸಾವಿರ ಮಂದಿಗೂ ಆಗ್ತೈತ್ರಿ ಸಾರ್."

"ಸ್ಪೀಕರ್ ಯಾಕ?"

"ಅದಿಲ್ದ ಹೊರಗ ಹೆಂಗ ಬರ್ತೈತ್ರಿ?"

ಸಾಹೇಬರು 'ಸ್ಪೀಕರ್: ಬಡಿಸಲು' ಎಂದು ರಿಜಿಸ್ಟರಿನಲ್ಲಿ ಬರೆದುಕೊಂಡರು. "ತೊಳಿಯೋದು?"

"ಅಯ್ಯೋ, ನೀರು ತಾಗಿಸಬಾರದ್ರಿ! ಒಣ ಬಟ್ಟೀಲೆ ಒಂದು ಸಲ ಒರೆಸಿದ್ರ ಆತು."

"ಮುಸುರಿ ಇಲ್ಲ!" ಎಂದು ಉದ್ಗರಿಸಿ ಸಾಹೇಬರು ಅದರ ಕೆಳಗೆ ಎರಡು ಗೆರೆ ಎಳೆದರು. "ಸೋಮವಾರ ಕಣ್ಣಾರ ನೋಡಾಕ ಬರ್ತೀನಿ. ಚೂಡಾಲ್ಸಿಂದೇ, ನೋಡಲೇಬೇಕು."

ಸೋಮವಾರ ಬಂತು. ಒಂಬತ್ತೂವರೆಗೆ ಪಡಸಾಲೆ ಜನರಿಂದ ತುಂಬಿತು. ಹತ್ತಕ್ಕೆ ಮರಿಬಸಪ್ಪ ಕಾಕಾ ಹೊಸ್ತಿಲಲ್ಲಿ ನಿಂತು, ಎದುರಿಗೆ ಬಂದ ಗುರುಬಸಮ್ಮನನ್ನು ಕೇಳಿದರು:

"ಆ ಯಂತ್ರ ಎಲ್ಲಿ ಇಡ್ತೀರವ್ವಾ?"

"ಅಡಿಗಿಮನ್ಯಾಗ್ರಿ ಕಾಕಾರ. ಮತ್ತೆಲ್ಲಿ ಇಡ್ತಾರ?"

"ಹಂಗಾದ್ರ ಸರಿ" ಎಂದು ಕಾಕಾ ಚಪ್ಪಲಿ ಬಿಟ್ಟು ಒಳಗೆ ಬಂದು ತಮ್ಮ ಜಾಗದಲ್ಲಿ ಕುಳಿತು ಕಣ್ಣು ಮುಚ್ಚಿದರು. ದೂರದಿಂದ ಇದನ್ನು ಕಂಡ ಸಿದ್ದಲಿಂಗೇಶ, ತಾನು ಮೂರು ಸಲ ಕೇಳಿಕೊಂಡ ಕ್ಷಮೆ ಫಲಿಸಿತೆಂದು ತಿಳಿದ. ಮುಂದಿನ ಸಾಲಿನಲ್ಲಿ ಮಲ್ಲಯ್ಯನವರು ಇಸ್ತ್ರಿಯ ಧೋತರ ಉಟ್ಟು, ತೋಳು ಕಟ್ಟಿ, ಅಡುಗೆಮನೆಯ ಬಾಗಿಲಿಗೆ ದೃಷ್ಟಿಯಿಟ್ಟು ಕುಳಿತಿದ್ದರು. ಅವರ ಪಕ್ಕದಲ್ಲಿ ರಿಜಿಸ್ಟರ್ ಬಿಚ್ಚಿಕೊಂಡು ಸುಂಕೇಶ ಸಾಹೇಬರು.

ಹತ್ತೂ ಇಪ್ಪತ್ತಕ್ಕೆ ಪಾರ್ಸಲ್ ಬಂತು. ಸಿದ್ದಲಿಂಗೇಶ ಡಬ್ಬಿಯನ್ನು ಎದೆಗವಚಿಕೊಂಡು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದವನು ಅಡುಗೆಮನೆಯಲ್ಲಿ ಬೆರಗಾಗಿ ನಿಂತ. ನೆಲದ ಮೇಲೆ ಹದಿನಾರು ಪಾತ್ರೆಗಳು ಸಾಲಾಗಿ ಕುಳಿತಿದ್ದವು. ಒಂದರಲ್ಲಿ ತೊಳೆದ ಅಕ್ಕಿ, ಒಂದರಲ್ಲಿ ಬೇಳೆ, ಒಂದರಲ್ಲಿ ಹೆಚ್ಚಿದ ಬದನೆಕಾಯಿ, ಒಂದರಲ್ಲಿ ರವೆ. ಒಲೆ ಹಚ್ಚಿರಲಿಲ್ಲ.

"ಬಂತೇನ್ರಿ! ಇಲ್ಲಿ ನಡುವ ಇಡ್ರಿ ಅಳಿಯಂದ್ರ. ಎಲ್ಲಾ ಹೊಂದಿಸಿ ಇಟ್ಟೀನಿ."

"ಇಲ್ಯಾಕ್ರಿ ಅತ್ತಿ? ಪಡಸಾಲ್ಯಾಗ ಇಡಬೇಕು. ಕಾಕಾನ ಬಾಜೂಕ."

"ಕಾಕಾನ ಬಾಜೂಕ ಅಡಿಗಿ ಮಾಡ್ತಾರೇನ್ರಿ?"

"ಅಡಿಗಿ ಯಾರು ಮಾಡ್ತಾರ?"

"ಯಂತ್ರ!"

ಅಂದು ರಜೆ ಹಾಕಿದ್ದ ಭುವನಾ ಇಬ್ಬರ ಮುಖವನ್ನೂ ನೋಡಿದಳು. ಹದಿನಾರು ಪಾತ್ರೆಗಳನ್ನು ನೋಡಿದಳು. ಡಬ್ಬಿಯ ಮೇಲಿನ ಹದಿನಾರು ಗುಂಡಿಗಳನ್ನು ನೋಡಿದಳು. ಪಾಠ ಹೇಳುವವಳಾದ್ದರಿಂದ ತಪ್ಪು ಎಲ್ಲಿ ಹುಟ್ಟಿತೆಂದು ಬೇಗ ಹೊಳೆಯಿತು.

"ಅವ್ವಾ, ಆ ಅಂಗಡಿಯವ್ರು ಏನಂದ್ರು?"

"ಪದಹಾರು ಅಡುಗುಲು."

"ಅಡುಗು ಅಂದ್ರ ಹೆಜ್ಜಿ ಅವ್ವಾ! ತೆಲುಗಿನ್ಯಾಗ ಅಡಿಗಿಗೆ ವಂಟ ಅಂತಾರ. ಇದು ತಾಳ ಹಾಕೋ ಡಬ್ಬಿ!"

ಗುರುಬಸಮ್ಮ ಕುಸಿದು ಕುಳಿತುಕೊಳ್ಳಲು ನೋಡಿದರು. ಎಲ್ಲೆಡೆ ಪಾತ್ರೆಗಳಿದ್ದುದರಿಂದ ಜಾಗ ಸಿಗಲಿಲ್ಲ. ಹೊರಗೆ ಎಂಬತ್ತು ಖಾಲಿ ಹೊಟ್ಟೆಗಳು ಗಂಟಲು ಸರಿಮಾಡಿಕೊಳ್ಳುತ್ತಿದ್ದವು. "ನನ್ನ ತವರಿನತನಾ ನಗ್ತಾರ" ಎಂದರು. ಆಮೇಲೆ ಸೆರಗು ಬಿಗಿದು ಹೊರಗೆ ಹೋಗಿ, ಮಲ್ಲಯ್ಯನವರನ್ನು ಕಣ್ಸನ್ನೆಯಿಂದ ಹಿತ್ತಿಲಿಗೆ ಕರೆದರು.

"ಅಯ್ನೋರ, ತಪ್ಪಾತು. ಯಂತ್ರ ಬೆಳಿಗ್ಗೇ ಬಂತು. ಹದಿನಾರೂ ಮಾಡಿತು. ಬಾಯಾಗ ಇಟ್ರ ಬರೀ ಕಬ್ಬಿಣದ ವಾಸನಿ."

ಮಲ್ಲಯ್ಯನವರ ತೋಳು ಸಡಿಲವಾದವು. "ಸಾರೂ?"

"ಸಾರು ಕೇಳಬ್ಯಾಡ್ರಿ. ಲಿಂಗಕ್ಕನ ಕುರಿಗೆ ಇಟ್ಟೆ, ಮೂಸಲಿಲ್ಲ."

ಮೂವತ್ತು ವರ್ಷಗಳ ಸೇವೆಯಲ್ಲಿ ಮಲ್ಲಯ್ಯನವರು ಇಂಥ ಸಿಹಿ ಸುದ್ದಿ ಕೇಳಿರಲಿಲ್ಲ. ಇಸ್ತ್ರಿಯ ಧೋತರವನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದರು. "ಐದು ಪದಾರ್ಥ ಮಾಡ್ತೀನಿ. ಹದಿನಾರು ಬೇಕಂದ್ರ ಯಂತ್ರಕ್ಕ ಹೇಳ್ಕೋರಿ. ಎರಡು ತಾಸು ಬೇಕು. ಅಲ್ಲಿತನಾ ಮಂಗಳಾರತಿ ಎತ್ತಬಾರದು."

ಸಿದ್ದಲಿಂಗೇಶ ಲೆಕ್ಕ ಹಾಕಿದ. ಪಟ್ಟಿಯಲ್ಲಿ ಇದ್ದದ್ದು ಐದು ಹಾಡು, ಹಾಡಿಗೆ ಹನ್ನೆರಡು ನಿಮಿಷ. ಒಟ್ಟು ಒಂದು ತಾಸು. ಹಾಡು ಕಡಿಮೆ, ಬೇಳೆ ಹೆಚ್ಚು. ಪಟ್ಟಿಯ ಹೊರಗಿನ ಹಾಡನ್ನು ಕಾಕಾ ಮುಟ್ಟುವುದಿಲ್ಲ. ಹಾಗಾದರೆ ಉಳಿದ ದಾರಿ ಒಂದೇ: ಪ್ರತಿ ಅಡುಗೂ ಎರಡರಷ್ಟು ಉದ್ದವಾಗಬೇಕು. ಕರ್ನೂಲಿನಿಂದಲೇ ತಬಲಾದ ನಾದಗಳನ್ನು ತುಂಬಿಸಿ ಬಂದಿದ್ದ ಆ ಡಬ್ಬಿಯನ್ನು, ಯಂತ್ರ ಅಡುಗೆಮನೆಯಲ್ಲಿರುತ್ತದೆಂದು ಅತ್ತೆ ಕಾಕಾನಿಗೆ ಹೇಳಿದ್ದು ತಿಳಿದ ಅವನು, ಕಾಕಾನ ಬೆನ್ನ ಹಿಂದೆ, ಹೂವಿನ ಬುಟ್ಟಿಯ ಮರೆಯಲ್ಲಿ ಇಟ್ಟು ಸ್ಪೀಕರಿಗೆ ಜೋಡಿಸಿದ. ಹನ್ನೊಂದನೆಯ ಗುಂಡಿಗೆ ಇಪ್ಪತ್ತನಾಲ್ಕು ಅಳತೆಗಳ ಸರಾಸರಿಯನ್ನು ಕೊಟ್ಟ. ಒತ್ತಿದ.

ತಬಲಾ ನುಡಿಯಿತು. ಕಾಕಾ ಹಾಡಿದರು. ಹನ್ನೊಂದನೆಯ ಪೆಟ್ಟು ಬಂತು. ಕಾಕಾ ನಿಂತರು. ಯಂತ್ರವೂ ನಿಂತಿತು. ಕಾಕಾ ಉಸಿರೆಳೆದುಕೊಂಡರು, ಯಂತ್ರ ಅವರ ಜೊತೆಗೇ ಹನ್ನೆರಡಕ್ಕೆ ಹೆಜ್ಜೆಯಿಟ್ಟಿತು. ಕಣ್ಣು ಮುಚ್ಚಿದ್ದ ಕಾಕಾನ ತುಟಿಯ ಮೇಲೆ ಸಣ್ಣ ನಗೆ ಕಾಣಿಸಿತು.

ಆಮೇಲೆ ಸಿದ್ದಲಿಂಗೇಶ ಒಂದೊಂದೇ ಅಡುಗನ್ನು, ಯಾರಿಗೂ ತಿಳಿಯದಷ್ಟು ಸಣ್ಣ ಸಣ್ಣ ಪ್ರಮಾಣದಲ್ಲಿ ಹಿಗ್ಗಿಸತೊಡಗಿದ. ಭುವನಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಸನ್ನೆ ಮಾಡುತ್ತಿದ್ದಳು. ಅವಳು ಎರಡೂ ಕೈ ಅಗಲಿಸಿದರೆ ಬೇಳೆ ಬೆಂದಿಲ್ಲವೆಂದು ಅರ್ಥ; ಮೂರನೆಯ ಅಡುಗು ಹಿಗ್ಗುತ್ತಿತ್ತು. ಮುಷ್ಟಿ ಹಿಡಿದರೆ ಅನ್ನ ಹತ್ತುತ್ತಿದೆಯೆಂದು, ಏಳನೆಯದು ಕುಗ್ಗುತ್ತಿತ್ತು. ಬದನೆಕಾಯಿ ಬಹಳ ಬಿರುಸಾಗಿದ್ದುದರಿಂದ ಮೂರನೆಯ ಹಾಡು ಇಪ್ಪತ್ತೊಂಬತ್ತು ನಿಮಿಷ ನಡೆಯಿತು. ಹಿಂದಿನ ಸಾಲಿನಲ್ಲಿ ಇಬ್ಬರು ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ನಿದ್ದೆ ಹೋದರು.

"ಒಂದು ಚಪ್ಪಾಳಿ ಹಾಕಿ ಮನಿಗೆ ಹೋಗಿ, ಕುರಿಗೆ ನೀರು ಕುಡಿಸಿ ಬಂದೆ. ಎರಡನೇ ಚಪ್ಪಾಳಿ ಇನ್ನೂ ಬಂದಿರಲಿಲ್ಲ" ಎಂದು ಲಿಂಗಕ್ಕ ಆಮೇಲೆ ಒಂದು ವಾರ ಹೇಳಿಕೊಂಡು ತಿರುಗಿದಳು.

ಸುಂಕೇಶ ಸಾಹೇಬರು ಎರಡು ಸಲ ಎದ್ದು ಅಡುಗೆಮನೆಯ ಕಡೆ ಹೋಗಿ, ಗುರುಬಸಮ್ಮನ ಕಣ್ಣು ಕಂಡು ಮರಳಿ ಬಂದು ಕುಳಿತರು. ಕಾಕಾ ಮಾತ್ರ ಹರೆಯದವರಂತೆ ಹಾಡುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಅವರಿಗೆ ಹನ್ನೊಂದನೆಯ ಪೆಟ್ಟಿನ ಆಚೆಗೂ ಉಸಿರು ಉಳಿದಿತ್ತು.

ಹನ್ನೆರಡೂವರೆಗೆ ಒಗ್ಗರಣೆಯ ಸದ್ದು ಚುರ್ ಎಂದು ಪಡಸಾಲೆಯವರೆಗೆ ಕೇಳಿಸಿತು. ಭುವನಾ ಹೆಬ್ಬೆರಳು ಎತ್ತಿದಳು. ಮಂಗಳಾರತಿ ನಡೆಯಿತು. ಎಂಬತ್ತು ಎಲೆಗಳ ಮೇಲೆ ಐದು ಪದಾರ್ಥ ಬಿದ್ದವು. ಮೊದಲ ಐದು ನಿಮಿಷ ತುತ್ತಿನ ಮೇಲೆ ತುತ್ತು ಇಳಿಯಿತು.

ಅನಂತರ ಎಲ್ಲರೂ ಮಾತಾಡಿದರು. ಯಂತ್ರ ಸೋತದ್ದು, ಮಲ್ಲಯ್ಯನವರು ಗೆದ್ದದ್ದು, ಕುರಿ ಮೂಸದೆ ಹೋದದ್ದು. ಸುಂಕೇಶ ಸಾಹೇಬರು ರಿಜಿಸ್ಟರಿನಲ್ಲಿ 'ರುಚಿ ಇಲ್ಲ. ಶಿಫಾರಸು ಮಾಡಲಾಗದು' ಎಂದು ಬರೆದು, ಎರಡನೆಯ ಸಲ ಸಾರು ಹಾಕಿಸಿಕೊಂಡರು. ತಾಳದ ಬಗ್ಗೆ ಒಬ್ಬರೂ ಒಂದಕ್ಷರ ಆಡಲಿಲ್ಲ. ಬಾಗಿಲಲ್ಲಿ ನಿಂತು ಎಲೆಯಡಿಕೆ ಕೊಡುತ್ತಿದ್ದ ಸಿದ್ದಲಿಂಗೇಶನಿಗೆ ಪ್ರತಿಯೊಬ್ಬರೂ ಹೆಗಲು ತಟ್ಟಿ ಸಮಾಧಾನ ಹೇಳಿದರು: "ಹೋಗ್ಲಿ ಬಿಡಪ್ಪಾ. ಯಂತ್ರ ಅಂದ್ರ ಹಂಗಾ."

ಕೊನೆಗೆ ಮರಿಬಸಪ್ಪ ಕಾಕಾ ಬಂದರು. ಬಾಗಿಲಲ್ಲಿ ನಿಂತು ಅತ್ತಿತ್ತ ನೋಡಿದರು.

"ಎಲ್ಲಿ ಗಾದಿಲಿಂಗಪ್ಪ?"

"ಯಾರ್ರಿ ಕಾಕಾ?"

"ಗಾದಿಲಿಂಗಪ್ಪನೋ! ವಾಡಿಯಿಂದ ಇಷ್ಟು ದೂರ ಬಂದು ಬಾರಿಸ್ಯಾನ. ಏನು ಕೈ ಅಂತೀಯ! ಆ ಹನ್ನೊಂದನೇ ಪೆಟ್ಟಿಗೆ ಕಾಯೋ ಗುಣ ಅವಗೊಬ್ಬಗ ಐತಿ ನೋಡು. ಉಂಡನೇನು?"

ಸಿದ್ದಲಿಂಗೇಶ ಬಾಯಿ ತೆರೆದ. ಹನ್ನೊಂದು ದಿನಗಳ ಅಧ್ಯಯನ, ಮೂರು ಡಬ್ಬಿಗಳ ಕೋಷ್ಟಕ, ಇಪ್ಪತ್ತನಾಲ್ಕು ಅಳತೆಗಳ ಸರಾಸರಿ, ಎಲ್ಲವೂ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿ ನಿಂತವು. ಒಳಗಿನಿಂದ ಗುರುಬಸಮ್ಮ ಅವನಿಗಿಂತ ಮೊದಲು ಬಂದರು.

"ಉಂಡು ಹೋದ್ರು ಕಾಕಾರ. ರೈಲಿಗೆ ಹೊತ್ತಾತಂತ."

"ನಂಗ ಹೇಳದ ಹೋದನಾ!" ಎಂದು ಕಾಕಾ ಕೋಲು ಊರಿ ಮೆಟ್ಟಿಲಿಳಿದರು. ಕೊನೆಯ ಮೆಟ್ಟಿಲ ಮೇಲೆ ನಿಂತು ತಿರುಗಿದರು. "ಮುಂದಿನ ಸೋಮವಾರ ಬರ್ತಾನಂತೇನು?"

ಸಿದ್ದಲಿಂಗೇಶ ತೆರೆದ ಬಾಯನ್ನು ಮುಚ್ಚಿದ.

"ಬರ್ತಾನ್ರಿ ಕಾಕಾ. ಪ್ರತಿ ಸೋಮವಾರ ಬರ್ತಾನ."

"ಹಂಗಾದ್ರ ನಾನೂ ಬರ್ತೀನಿ" ಎಂದರು ಕಾಕಾ. "ಆ ಯಂತ್ರಾನ ಮಾತ್ರ ಅಡಿಗಿಮನಿಯಿಂದ ಹೊರಗ ತರಬ್ಯಾಡೋ ಮಾರಾಯಾ."